ಚಿಮಣಿಯಲ್ಲಿ ಬೆಳಗ್ಗೆ ಹಳದಿ ಹೊಗೆ, ಬೋರ್ಡಿನಲ್ಲಿ 22 ಪಿಪಿಎಂ: ಯಾವುದನ್ನು ನಂಬುವುದು?

ಕಡಲಕರೆ · ಬೆಳಗ್ಗೆ 6:12
ಎಲ್ಲರಿಗೂ ನಮಸ್ಕಾರ. ನಾನು ಮೂಲ್ಕಿ ಕಡೆಯವ, ಹನ್ನೊಂದು ವರ್ಷದಿಂದ ಗಲ್ಫಿನಲ್ಲಿ ಏಸಿ ಕೆಲಸ. ಈಗಿನ ಫ್ಲಾಟು ಒಂಬತ್ತನೇ ಮಾಳಿಗೆ. ಬಾಲ್ಕನಿಯಲ್ಲಿ ನಿಂತರೆ ಎದುರಿಗೇ ಒಂದು ಗ್ಯಾಸ್ ಟರ್ಬೈನ್ ವಿದ್ಯುತ್ ಸ್ಥಾವರದ ನಾಲ್ಕು ಚಿಮಣಿ. ಹೆಸರು ಬೇಡ, ಅಲ್ಲಿ ನಮ್ಮವರೇ ಒಬ್ಬರು ಶಿಫ್ಟಿನಲ್ಲಿ ಇದ್ದಾರೆ.

ದಿನವಿಡೀ ಆ ಚಿಮಣಿಗಳಲ್ಲಿ ಎಂತದೂ ಕಾಣುವುದಿಲ್ಲ, ಬಿಸಿಗಾಳಿ ನಡುಗುವುದು ಮಾತ್ರ. ಆದರೆ ವಾರಕ್ಕೆ ಮೂರ್ನಾಲ್ಕು ಸಲ ಬೆಳಗ್ಗೆ ಐದೂವರೆ ಹೊತ್ತಿಗೆ ಒಂದರಿಂದ ಹಳದಿ-ಕಂದು ಹೊಗೆ ಏಳ್ತದೆ. ಅರಿಶಿನ ಕದಡಿದ ನೀರಿನ ಬಣ್ಣ. ಇಪ್ಪತ್ತು-ಮೂವತ್ತು ನಿಮಿಷ, ಆಮೇಲೆ ಮಾಯ. ಆ ಫ್ರೆಂಡಿನ ಹತ್ರ ಕೇಳಿದರೆ "ನಾಕ್ಸ್ ಬೋರ್ಡಿನಲ್ಲಿ 22 ಪಿಪಿಎಂ ಉಂಟು, ಮಿತಿ 25, ತಲೆಬಿಸಿ ಮಾಡ್ಬೇಡ ಮಾರಾಯ" ಅಂತಾನೆ. ನಾಕ್ಸ್ ಅಂದ್ರೆ ಹೊಗೆಯ ನೈಟ್ರೋಜನ್ ಆಕ್ಸೈಡ್, ಪಿಪಿಎಂ ಅಂದ್ರೆ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಅಂತ.

ಕಣ್ಣಿಗೆ ಕಾಣುವುದು ಸುಳ್ಳಾ, ಬೋರ್ಡು ಸುಳ್ಳಾ? ಇನ್ನೊಂದು, ಈ ಟರ್ಬೈನುಗಳ ಹೊಗೆ ಕಡಿಮೆ ಮಾಡ್ತೇವೆ ಅಂತ ಪೇಪರಿನಲ್ಲಿ ಬರ್ತದಲ್ಲ, ಅದು ನಿಜವಾಗಿ ಆಗುವ ಕೆಲಸವಾ?

ಬೆಂಕಿಪೊಟ್ಟಣ · 6:40
ಗ್ಯಾಸ್ ಅಂದ್ರೆ ಕ್ಲೀನ್ ಅಂತ ಎಲ್ಲರ ಕಿವಿಗೂ ಹೂ ಇಟ್ಟಿದ್ದಾರೆ ಸಾರ್. ನಿಮ್ಮ ಕಣ್ಣನ್ನೇ ನಂಬಿ.

ಸುಮಾ ಮೇಡಂ · 7:05
ಕಣ್ಣು, ಬೋರ್ಡು ಎರಡೂ ನಿಜ ಹೇಳುತ್ತಿರಬಹುದು. ನಾಕ್ಸ್ ಅಂದರೆ ಒಂದೇ ಅನಿಲ ಅಲ್ಲ. ನೈಟ್ರಿಕ್ ಆಕ್ಸೈಡ್‌ಗೆ ಬಣ್ಣ ಇಲ್ಲ. ನೈಟ್ರೋಜನ್ ಡೈಆಕ್ಸೈಡ್‌ಗೆ ಕಂದು ಬಣ್ಣ. ಟರ್ಬೈನ್ ಪೂರ್ತಿ ಲೋಡಿನಲ್ಲಿ ಓಡುವಾಗ ಹೊರಬರುವ ನಾಕ್ಸ್‌ನಲ್ಲಿ ಹೆಚ್ಚಿನ ಪಾಲು ಬಣ್ಣವಿಲ್ಲದ್ದು. ಸ್ಟಾರ್ಟ್ ಮಾಡುವಾಗ ಉರಿ ಸರಿಯಾಗಿ ಕೂತಿರುವುದಿಲ್ಲ, ಅರ್ಧಂಬರ್ಧ ಉರಿದ ಗ್ಯಾಸ್ ಜೊತೆ ಸೇರಿ ಆ ಬಣ್ಣವಿಲ್ಲದ್ದು ಕಂದು ರೂಪಕ್ಕೆ ತಿರುಗುತ್ತದೆ. ಒಟ್ಟು ಮೊತ್ತ ಅಷ್ಟೇ ಇದ್ದರೂ ಕಣ್ಣಿಗೆ ಹೊಡೆಯುತ್ತದೆ. ಚಿಮಣಿ ಅಗಲ ಇದ್ದಷ್ಟೂ ಬಣ್ಣ ದಟ್ಟ, ಏಕೆಂದರೆ ನೀವು ನೋಡುವ ಅನಿಲದ ಪದರ ದಪ್ಪ.

ಹಾಗಂತ ಅದು ನಿರುಪದ್ರವಿ ಅಂತಲ್ಲ. ಶ್ವಾಸಕೋಶಕ್ಕೆ ಕೆಟ್ಟದ್ದು ಆ ಕಂದು ಅನಿಲವೇ.

ಬೆಂಕಿಪೊಟ್ಟಣ · 7:11
ಅದನ್ನೇ ಅಲ್ವಾ ನಾನೂ ಹೇಳಿದ್ದು

ಸುಮಾ ಮೇಡಂ · 7:14
ಅಲ್ಲ, ನೀವು ಹೇಳಿದ್ದು ಹೂವಿನ ವಿಷಯ.

ಕಂಪ್ರೆಸರ್ ಕಾಕಾ · 8:30
ಧಾರವಾಡದಾಂವ ನಾನು, 31 ವರ್ಷ ಗ್ಯಾಸ್ ಟರ್ಬೈನ್ ಸಂಗಾಟ ಕಳದೀನಿ, ಈಗ ರಿಟೈರ್. ಮೇಡಂ ಅವರು ಹೇಳಿದ್ದು ಬರೋಬ್ಬರಿ ಅದ. ಅದಕ್ಕ ಸ್ವಲ್ಪ ಸೇರಿಸ್ತೀನಿ.

ಕಡಲಕರೆ ತಮ್ಮಾ, ಮೊದಲ ಇದು ತಿಳಕೋ. ಗ್ಯಾಸಿನ್ಯಾಗ ಸಾರಜನಕ ಇರೂದು ಕಡಿಮಿ. ನಾಕ್ಸ್ ಹುಟ್ಟೂದು ನಾವು ಎಳಕೊಳ್ಳೋ ಗಾಳಿಯಿಂದನ. ಉರಿ ಸುಮಾರು 1500 ಡಿಗ್ರಿ ದಾಟಿತು ಅಂದ್ರ ಗಾಳಿಯೊಳಗಿನ ಸಾರಜನಕ ಮತ್ತ ಆಮ್ಲಜನಕ ಕೂಡಿ ಬಿಡ್ತಾವ. ಅಲ್ಲಿಂದ ಮ್ಯಾಲ ಸ್ವಲ್ಪ ಬಿಸಿ ಹೆಚ್ಚಾದ್ರ ನಾಕ್ಸ್ ಜಿಗದs ಬಿಡ್ತದ. ಹಳೇ ಮಷೀನಿನ್ಯಾಗ ಗ್ಯಾಸು, ಗಾಳಿ ಬ್ಯಾರೆ ಬ್ಯಾರೆ ಬಂದು ಉರಿಯೊಳಗ ಕೂಡ್ತಿದ್ವು, ಎಣ್ಣಿ ದೀಪದ ಕುಡಿ ಇದ್ದಂಗ. ಎಂದೂ ಆರೂದಿಲ್ಲ, ಆದ್ರ ಕುಡಿಯ ಅಂಚಿನ್ಯಾಗ ವಿಪರೀತ ಬಿಸಿ. 150-200 ಪಿಪಿಎಂ ಅಂದ್ರ ಸಾಮಾನ್ಯ.

ಅದಕ್ಕ ಮೊದಲ ಹುಡುಕಿದ ಉಪಾಯ ನೀರು. ಉರಿಯೊಳಗ ನೀರು ಇಲ್ಲಾ ಉಗಿ ಹೊಡಿಯೂದು. ಗ್ಯಾಸಿನ ತೂಕಕ್ಕ ಹೆಚ್ಚೂಕಡಿಮಿ ಸರಿಸಮ ನೀರು. 42ಕ್ಕ ಇಳೀತದ, ಛಲೋ ಇದ್ರ 25. ಆದ್ರ ಆ ನೀರು ಎಂಥಾದ್ದು? ಉಪ್ಪಿನಂಶ ಪೂರ್ತಿ ತಗದ ಡಿಎಂ ನೀರು. ಒಂದೀಟು ಹೊಲಸು ಇದ್ರೂ ಬ್ಲೇಡಿಗೆ ಕುಂತs ಬಿಡ್ತದ. ಮ್ಯಾಲ ಇಂಧನ ಹೆಚ್ಚು ತಿಂತದ, ಕಾರ್ಬನ್ ಮೊನಾಕ್ಸೈಡ್ ಏರ್ತದ. ನಿಮ್ಮ ಗಲ್ಫಿನ್ಯಾಗ ಸಮುದ್ರದ ನೀರು ಸೋಸಿ ಆ ಡಿಎಂ ನೀರು ಮಾಡೂದಕ್ಕ ಮತ್ತ ಕರೆಂಟು ಬೇಕು. ಇದು ಹೆಂಗ್ಯಾಗ್ತದ ಅಂದ್ರ, ಹೊಲಸು ತೊಳಿಲಿಕ್ಕೆ ಹೊಲಸು ಮಾಡಿದಂಗ.

ಎರಡನೇದ್ದು ಡಿಎಲ್‌ಎನ್, ಒಣ ಪದ್ಧತಿ. ಗ್ಯಾಸು-ಗಾಳಿ ಮೊದಲs ಕಲಿಸಿ, ಗಾಳಿ ಭಾಳ ಜಾಸ್ತಿ ಇಟ್ಟು ತೆಳ್ಳಗ ಸುಡೂದು. ನೀರು ಬ್ಯಾಡ, 25, 15, ಕೆಲವು 9 ಪಿಪಿಎಂ. ಆದ್ರ ತೆಳ್ಳನ ಉರಿ ಅಂದ್ರ ಗಾಳಿಗಿಟ್ಟ ದೀಪ, ಆರೂದಕ್ಕ ಹತ್ತೀರ ಕುಂತಿರ್ತದ. ಸ್ಟಾರ್ಟ್ ಮಾಡುವಾಗ, ಲೋಡ್ ಅರ್ಧಕ್ಕಿಂತ ಕೆಳಗ ಇದ್ದಾಗ ಆ ಉರಿ ತಾಳೂದಿಲ್ಲ. ಅವಾಗ ಮಷೀನು ಹಳೇ ದೀಪದ ಕುಡಿ ಪದ್ಧತಿಗೆ ಹೋಗ್ತದ. ನಿನ್ನ ಹಳದಿ ಹೊಗಿ ಅಲ್ಲಿ ಅದ.

ಕಡಲಕರೆ · 8:52
ಕಾಕಾ, ಹಾಗಾದ್ರೆ ನಿಲ್ಲಿಸದೆ ಓಡಿಸುವುದೇ ಒಳ್ಳೆಯದಲ್ವಾ? ರಾತ್ರಿ ನಿಲ್ಲಿಸಿ ಬೆಳಗ್ಗೆ ಸ್ಟಾರ್ಟ್ ಮಾಡುವುದು ಯಾಕೆ?

ರಾಯಚೂರು ಹುಡ್ಗ · 9:01
ಸೋಲಾರ್ ಬಂತಲ್ಲಣ್ಣ. ಮಧ್ಯಾಹ್ನ ಸೂರ್ಯ ಫ್ರೀ, ಸಂಜೆ ಎಲ್ಲ ಒಮ್ಮೆಲೇ ಬೇಕು. ನಮ್ಮ ಪಾವಗಡ ಒಂದರಾಗೇ 2050 ಮೆಗಾವ್ಯಾಟ್ ಐತಿ. ಮೋಡ ಬಂದ್ರ ಯಾರರ ತುಂಬಿಕೊಡಬೇಕು. ಕಲ್ಲಿದ್ದಲು ಯೂನಿಟ್ ಅಷ್ಟು ಬೇಗ ಎದ್ದು ಕುಂದ್ರಂಗಿಲ್ಲ.

ಮಲೆನಾಡಿಗ · 9:10
ಕರ್ನಾಟಕದಲ್ಲಿ ಅದನ್ನೆಲ್ಲ ತುಂಬಿಕೊಡೋದು ಶರಾವತಿ. 1035 ಮೆಗಾವ್ಯಾಟ್, ಗೇಟು ತೆಗೆದರೆ ನಿಮಿಷದಲ್ಲಿ ಕರೆಂಟು, ಹೊಗೆ ಇಲ್ಲ. ನಮ್ಮ ಊರು ಮುಳುಗಿಸಿದ್ದಕ್ಕೆ ಅಷ್ಟಾದರೂ ಪುಣ್ಯ ಬರಲಿ.

ರಾಯಚೂರು ಹುಡ್ಗ · 9:12
ಹಂಗಾದ್ರ ನೀರು ಮ್ಯಾಲ ಎತ್ತಿಟ್ಟು ಬೇಕಾದಾಗ ಕರೆಂಟು ಮಾಡೋ ಶರಾವತಿಯ 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್‌ಗೆ ಯಾಕ ವಿರೋಧ ಮಾಡ್ತೀರಿ?

ಮಲೆನಾಡಿಗ · 9:15
ಸಿಂಗಳೀಕ ಇರೋ ಕಾಡು ಕಡಿದು ಮಾಡೋದಕ್ಕೆ ವಿರೋಧ. ನಿಮ್ಮೂರಲ್ಲಿ ಬೂದಿ ಹಾರುತ್ತೆ ಅಂತ ನಮ್ಮೂರ ಕಾಡು ಕಡೀಬೇಕಾ?

ನಿರ್ವಾಹಕ · 9:31
ಶರಾವತಿಗೆ ಬೇರೆ ಎಳೆ ಇದೆ, ಅಲ್ಲೇ 400 ಉತ್ತರ ಬಿದ್ದಿವೆ. ಇಲ್ಲಿ ಟರ್ಬೈನ್ ಮಾತ್ರ.

ಯಲಹಂಕ ನಿವಾಸಿ · 10:04
ನಮ್ಮ ಏರಿಯಾದಲ್ಲೇ 370 ಮೆಗಾವ್ಯಾಟ್ ಗ್ಯಾಸ್ ಸ್ಥಾವರ ಇದೆ, 2024ರಲ್ಲಿ ಉದ್ಘಾಟನೆ ಆಯ್ತು. ಮೊದಲು ಅದೇ ಜಾಗದಲ್ಲಿ ಡೀಸೆಲ್ ಜನರೇಟರ್ ಘಟಕ ಇತ್ತು, ಅದರ ಸದ್ದು ನೆನಪಿರೋರು ಇನ್ನೂ ಇದ್ದಾರೆ. ಈಗ ಪುಟ್ಟೇನಹಳ್ಳಿ ಕೆರೆಯ ಹಕ್ಕಿ ನೋಡೋಕೆ ಹೋದ್ರೆ ಚಿಮಣಿ ಕಾಣುತ್ತೆ. ನಾನಂತೂ ಹಳದಿ ಹೊಗೆ ನೋಡಿಲ್ಲ. ಇಂಡಿಯಾದಲ್ಲಿ ಇದಕ್ಕೆ ಮಿತಿ ಎಷ್ಟು, ಯಾರಿಗಾದ್ರೂ ಗೊತ್ತಾ?

ಕಂಪ್ರೆಸರ್ ಕಾಕಾ · 10:20
1999ರ ಜೂನ್ ನಂತರದ ಸ್ಥಾವರಕ್ಕ, ನೈಸರ್ಗಿಕ ಗ್ಯಾಸ್ ಸುಟ್ರ: 400 ಮೆಗಾವ್ಯಾಟ್ ಮತ್ತ ಮ್ಯಾಲ 50 ಪಿಪಿಎಂ, 100ರಿಂದ 400ರೊಳಗ 75, ಅದಕ್ಕೂ ಸಣ್ಣದಕ್ಕ 100. ಪರಿಸರ ಅನುಮತಿ ಪತ್ರದಾಗ ಇನ್ನೂ ಬಿಗಿ ಇಡಬಹುದು. ಈಗಿನ ಡಿಎಲ್‌ಎನ್ ಮಷೀನಿಗೆ 75 ಅಂದ್ರ ಕಣ್ಣ ಮುಚ್ಚಿ ಪಾಸ್ ಆಗೋ ಪರೀಕ್ಷಿ.

ಅಂದಹಾಗ ಬೆಂಗಳೂರಿನ್ಯಾಗ ಗ್ಯಾಸ್ ಟರ್ಬೈನ್ ಇಟ್ರ ಇನ್ನೊಂದು ಮಾತು. ಊರು ಸುಮಾರು 900 ಮೀಟರ್ ಎತ್ತರ, ಗಾಳಿ ತೆಳ್ಳಗ. ಅದs ಮಷೀನು ಮಂಗಳೂರಾಗ ಕೊಡೋದಕ್ಕಿಂತ ನೂರಕ್ಕ ಹತ್ತು ಕಡಿಮಿ ಕೊಡ್ತದ. ಮನಷ್ಯಾರಿಗಷ್ಟ ತಂಪು ಹವಾ.

ಸಾನ್‌ಹೋಸೆ ಸಂಪಿಗೆ · 10:48
75 ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಾನು ಕ್ಯಾಲಿಫೋರ್ನಿಯಾದಲ್ಲಿ ವಾಯುಮಾಲಿನ್ಯ ಪರ್ಮಿಟ್ ಕೆಲಸ ಮಾಡ್ತೀನಿ. ಇಲ್ಲಿ ಹೊಸ ಕಂಬೈನ್ಡ್ ಸೈಕಲ್ ಸ್ಥಾವರಕ್ಕೆ (ಟರ್ಬೈನಿನ ಬಿಸಿ ಹೊಗೆಯಿಂದ ಬಾಯ್ಲರಿನಲ್ಲಿ ಉಗಿ ಎಬ್ಬಿಸಿ ಇನ್ನೊಂದು ಟರ್ಬೈನ್ ತಿರುಗಿಸೋದು) 2 ಪಿಪಿಎಂ. ಡಿಎಲ್‌ಎನ್ ಒಂದರಿಂದ ಆಗಲ್ಲ, ಹಿಂದೆ ಎಸ್‌ಸಿಆರ್ ಇರಲೇಬೇಕು. ಬಾಯ್ಲರಿನೊಳಗೆ ಹೊಗೆ 300-400 ಡಿಗ್ರಿ ಇರೋ ಜಾಗದಲ್ಲಿ ಜೇನುಗೂಡಿನಂಥ ಕ್ಯಾಟಲಿಸ್ಟ್ ಗೋಡೆ, ಅದರ ಮುಂದೆ ಅಮೋನಿಯ ಸಿಂಪಡಣೆ. ನಾಕ್ಸ್ ಹೋಗಿ ಸಾರಜನಕ ಮತ್ತು ನೀರು.

ಕಡಲಕರೆ ಅವರೇ, ನಿಮ್ಮ ಮೊದಲ ಪ್ರಶ್ನೆಗೆ ಮುಖ್ಯ ಉತ್ತರ ಇದು ಅನ್ಸುತ್ತೆ. ಪಿಪಿಎಂ ಮಿತಿ ಬಹಳ ಕಡೆ ಸ್ಟಾರ್ಟ್ ಆಗೋ ಹೊತ್ತಿಗೆ ಅನ್ವಯಿಸಲ್ಲ. ಇಲ್ಲಿನ ಪರ್ಮಿಟ್‌ಗಳಲ್ಲಿ ಸ್ಟಾರ್ಟಿಗೆ ಬೇರೆ ಮಿತಿ, ಪಿಪಿಎಂನಲ್ಲಿ ಅಲ್ಲ, ಒಂದು ಸ್ಟಾರ್ಟಿಗೆ ಇಷ್ಟು ಪೌಂಡ್ ಅಂತ ತೂಕದಲ್ಲಿ. ವರ್ಷಕ್ಕೆ ಎಷ್ಟು ಸಲ ಅಂತಲೂ ಬರೆದಿರ್ತಾರೆ. ಅದನ್ನು ಲೆಕ್ಕ ಹಾಕದೆ "ನಾವು 2 ಪಿಪಿಎಂ" ಅಂದ್ರೆ ಅರ್ಧ ಕಥೆ.

ಕಂಪ್ರೆಸರ್ ಕಾಕಾ · 11:15
ನಕ್ಕರ ನಗವಾ, ನಮಗೇನೂ ಬ್ಯಾಸರಿಲ್ಲ. ಆದ್ರ ಅಮೋನಿಯ ಅಂದ್ರ ಪುಕ್ಕಟೆ ಅಲ್ಲ. ಸ್ವಲ್ಪ ಹೆಚ್ಚು ಸಿಂಪಡಿಸಿದ್ರ ಅಮೋನಿಯನ ಚಿಮಣಿಯಿಂದ ಹೊರಗ. ಗ್ಯಾಸಿನ್ಯಾಗ ಗಂಧಕ ಇದ್ರ ಹಿಂದಿನ ಪೈಪಿಗೆ ಅಂಟಂಟಾದ ಉಪ್ಪು ಕೂಡ್ತದ. ಬಾಯ್ಲರ್ ಇಲ್ಲದ ಬರೀ ಟರ್ಬೈನಿಗೆ ಹಾಕೂದು ಇನ್ನೂ ತ್ರಾಸು, ಹೊಗಿ 550-600 ಡಿಗ್ರಿ ಇರ್ತದ, ತಣ್ಣನ ಗಾಳಿ ಊದಿ ಇಳಿಸಬೇಕು.

ಸಾನ್‌ಹೋಸೆ ಸಂಪಿಗೆ · 11:22
ಒಪ್ಪಿದೆ ಕಾಕಾ. ಅಮೋನಿಯ ಸೋರಿಕೆಗೂ ಮಿತಿ ಇದೆ ಇಲ್ಲಿ, ಸಾಮಾನ್ಯವಾಗಿ 5 ಪಿಪಿಎಂ. ಸಾಗಣೆ ಭಯಕ್ಕೆ 19% ದ್ರಾವಣ ಬಳಸ್ತಾರೆ.

ಹಸಿರು ಹೈಡ್ರೋಜನ್ · 12:10
ಎಲ್ರೂ ನಾಕ್ಸ್ ಹಿಂದೆ ಬಿದ್ದಿದ್ದೀರಾ. ಇಂಗಾಲದ ಕಥೆ ಏನು ಗುರು? ಇನ್ನು ಹತ್ತು ವರ್ಷಕ್ಕೆ ಟರ್ಬೈನ್ ಎಲ್ಲ ಹೈಡ್ರೋಜನ್ ಮೇಲೆ ಓಡುತ್ತೆ. ಜಪಾನಿನ ತಕಾಸಾಗೋದಲ್ಲಿ ಮಿತ್ಸುಬಿಷಿಯವರು 2023ರಲ್ಲೇ ದೊಡ್ಡ ಟರ್ಬೈನಿಗೆ 30% ಹೈಡ್ರೋಜನ್ ಬೆರೆಸಿ ಓಡಿಸಿ ತೋರಿಸಿದ್ದಾರೆ. ಅಂದ್ರೆ 30% ಇಂಗಾಲ ಕಟ್!

ಸುಮಾ ಮೇಡಂ · 12:26
ಅಲ್ಲ. ಆ 30% ಪರಿಮಾಣದ ಲೆಕ್ಕ. ಒಂದು ಲೀಟರ್ ಹೈಡ್ರೋಜನ್‌ನಲ್ಲಿ ಇರುವ ಶಾಖ ಒಂದು ಲೀಟರ್ ಮೀಥೇನ್‌ನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ನೈಸರ್ಗಿಕ ಗ್ಯಾಸ್ ಅಂದರೆ ಬಹುಪಾಲು ಮೀಥೇನೇ. ನೂರು ಲೀಟರ್ ಮಿಶ್ರಣದಲ್ಲಿ 30 ಲೀಟರ್ ಹೈಡ್ರೋಜನ್ ಕೊಡುವುದು ಸುಮಾರು 9 ಲೀಟರ್ ಮೀಥೇನ್‌ನಷ್ಟು ಶಾಖ. ಉಳಿದ 70 ಮೀಥೇನ್. 79ರಲ್ಲಿ 9, ಅಂದರೆ ಇಂಗಾಲ ಇಳಿಯುವುದು ಸುಮಾರು 11%. ಇದನ್ನು ಪಿಯುಸಿ ಮಕ್ಕಳ ಕೈಲಿ ಮಾಡಿಸುತ್ತೇನೆ, ಪ್ರತಿ ವರ್ಷ ಅರ್ಧ ತರಗತಿ 30 ಅಂತಲೇ ಬರೆಯುತ್ತದೆ.

ಜೊತೆಗೆ ಹೈಡ್ರೋಜನ್ ಉರಿ ಮೀಥೇನ್‌ಗಿಂತ ಬಿಸಿ, ವೇಗವೂ ಹೆಚ್ಚು. ಬರ್ನರಿನ ಒಳಕ್ಕೇ ಉರಿ ವಾಪಸ್ ನುಗ್ಗಬಹುದು. ಹುಷಾರಾಗಿ ವಿನ್ಯಾಸ ಮಾಡದಿದ್ದರೆ ಇಂಗಾಲ ಇಳಿಸಲು ಹೋಗಿ ನಾಕ್ಸ್ ಏರಿಸಿದಂತೆ.

ಹಸಿರು ಹೈಡ್ರೋಜನ್ · 12:31
ಓಕೆ, 11. ಸೊನ್ನೆಗಿಂತ ವಾಸಿ ಅಲ್ವಾ ಮೇಡಂ 🙂

ಬೆಂಕಿಪೊಟ್ಟಣ · 12:40
ಸೋಲಾರ್ ಕರೆಂಟಿಂದ ಹೈಡ್ರೋಜನ್ ಮಾಡಿ, ಅದನ್ನ ಸುಟ್ಟು ಮತ್ತೆ ಕರೆಂಟು ಮಾಡೋದು. ಹಾಲು ಮಾರಿ ಹಾಲಿನ ಪುಡಿ ತಂದು ಕಲಸಿ ಕುಡಿದಂಗೆ.

ಮಲೆನಾಡಿಗ · 12:44
ಇದೊಂದು ಚೆನ್ನಾಗಿ ಹೇಳಿದ್ರಿ

ರಾಯಚೂರು ಹುಡ್ಗ · 13:05
ಹೊಗಿಯಿಂದ ಇಂಗಾಲ ಹಿಡಿದು ನೆಲದಾಗ ಹುಗಿಯೋದು ಅಂತಾರಲ್ರಿ, ಅದು?

ಸಾನ್‌ಹೋಸೆ ಸಂಪಿಗೆ · 13:20
ಬ್ರಿಟನ್ನಿನ ಟೀಸೈಡ್‌ನಲ್ಲಿ ಅಂಥ ಗ್ಯಾಸ್ ಸ್ಥಾವರಕ್ಕೆ 2024ರ ಕೊನೆಗೆ ಹಣಕಾಸು ಒಪ್ಪಂದ ಆಗಿದೆ. ಕಷ್ಟ ಏನಂದ್ರೆ, ಕಲ್ಲಿದ್ದಲ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ 12-14% ಇದ್ದರೆ ಗ್ಯಾಸ್ ಟರ್ಬೈನ್ ಹೊಗೆಯಲ್ಲಿ 4% ಆಸುಪಾಸು, ಉಳಿದದ್ದೆಲ್ಲ ಗಾಳಿ. ಅಷ್ಟು ತೆಳುವಾದದ್ದನ್ನು ಹಿಡಿಯೋಕೆ ದೊಡ್ಡ ಗೋಪುರ ಬೇಕು, ದ್ರಾವಣದಿಂದ ಬಿಡಿಸೋಕೆ ಉಗಿ ಬೇಕು. ಆ ಉಗಿ ಟರ್ಬೈನಿಗೆ ಹೋಗಬೇಕಾದದ್ದು.

ಯಲಹಂಕ ನಿವಾಸಿ · 13:42
ಹಂಗಾದ್ರೆ ಕಲ್ಲಿದ್ದಲಿಗಿಂತ ಗ್ಯಾಸ್ ವಾಸಿ ಅನ್ನೋದಾದ್ರೂ ನಿಜಾನಾ?

ಸುಮಾ ಮೇಡಂ · 13:55
ಚಿಮಣಿಯ ಮಟ್ಟದಲ್ಲಿ ನಿಜ. ಕಲ್ಲಿದ್ದಲು: ಒಂದು ಮೆಗಾವ್ಯಾಟ್-ಗಂಟೆಗೆ ಹೆಚ್ಚೂಕಡಿಮೆ 900-1000 ಕೆಜಿ ಇಂಗಾಲದ ಡೈಆಕ್ಸೈಡ್. ಬರೀ ಗ್ಯಾಸ್ ಟರ್ಬೈನ್: 500-600. ಅದರ ಬಿಸಿ ಹೊಗೆಯಿಂದ ಉಗಿ ಎಬ್ಬಿಸಿ ಎರಡನೇ ಟರ್ಬೈನ್ ತಿರುಗಿಸುವ ಕಂಬೈನ್ಡ್ ಸೈಕಲ್: 350-400. ಅಂದರೆ 370 ಮೆಗಾವ್ಯಾಟ್ ಸ್ಥಾವರ ಪೂರ್ತಿ ಓಡಿದರೆ ಗಂಟೆಗೆ ಸುಮಾರು 137 ಟನ್, ಅಷ್ಟೇ ಕರೆಂಟಿಗೆ ಕಲ್ಲಿದ್ದಲಲ್ಲಿ 350 ಟನ್.

ಆದರೆ ಬಾವಿಯಿಂದ ಬರ್ನರ್‌ವರೆಗಿನ ದಾರಿಯಲ್ಲಿ ಮೀಥೇನ್ ಸೋರಿದರೆ ಲಾಭ ಕರಗುತ್ತದೆ. 20 ವರ್ಷದ ಲೆಕ್ಕದಲ್ಲಿ ಒಂದು ಕೆಜಿ ಮೀಥೇನ್ 80 ಕೆಜಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್‌ಗೆ ಸಮ. ಚಿಮಣಿಯ ಬೋರ್ಡಿನಲ್ಲಿ ಅದು ಬರುವುದಿಲ್ಲ.

ಕಂಪ್ರೆಸರ್ ಕಾಕಾ · 15:30
ಊಟ ಮಾಡಿ ಮಲಗಿ ಎದ್ದು ಬರೋದ್ರಾಗ ಹೈಡ್ರೋಜನ್, ಭೂಗರ್ಭ ಎಲ್ಲಾ ಮುಗಿಸೀರಿ. ನಾನು ಕೆಳಗಿನ ಮಾತು ಹೇಳ್ತೀನಿ. ಹೊಗಿ ಕಡಿಮಿ ಮಾಡೂದಂದ್ರ ಮೊದಲು ಇದ್ದ ಮಷೀನು ಸ್ವಚ್ಛ ಇಡೂದು.

ನಾ ಇದ್ದ ಒಂದು ಸ್ಥಾವರದಾಗ (ಯಾವುದು ಅಂತ ಕೇಳಬ್ಯಾಡ್ರಿ) ಗಾಳಿ ಫಿಲ್ಟರ್ ಬದಲಿ ಮಾಡೂದು ಮುಂದ ಮುಂದ ಹಾಕಿದ್ರು, ಬಜೆಟ್ ಇಲ್ಲಂತ. ಹಂಗs ಓಡಿಸಿದ್ವಿ. ಗಾಳಿ ಒತ್ತೋ ಕಂಪ್ರೆಸರ್ ಬ್ಲೇಡಿಗೆ ಹೊಲಸು ಕುಂತು ದಿನಕ್ಕ ಸ್ವಲ್ಪ ಸ್ವಲ್ಪ ಲೋಡ್ ಇಳೀತಿತ್ತು, ಅದs ಕರೆಂಟಿಗೆ ಗ್ಯಾಸ್ ಹೆಚ್ಚು. ಕಡೀಗೆ ನಿಲ್ಲಿಸಿ, ತಣ್ಣಗ ಮಾಡಿ, ನಿಧಾನಕ್ಕ ತಿರುಗಿಸ್ಕೋತ ಸೋಪಿನ ನೀರು ಹೊಡದ್ವಿ. ಕೆಳಗಿನ ಡ್ರೇನ್ ತಗದ್ರ ಏನು ಬಂತು ಅಂತೀರಿ? ಮೊದಲನೇ ಡಿಕಾಕ್ಷನ್ ಇದ್ದಂಗ ಕರ್ರಗ, ಮ್ಯಾಲ ನೊರಿ. ಮೂರು ಸಲ ತೊಳದ ಮ್ಯಾಲ ನೀರು ತಿಳಿ ಆತು. ಮರುದಿನ ಲೋಡ್ ಏರಿದ್ದು ನೋಡಿ ಮ್ಯಾನೇಜರು "ಏನು ಮಾಡಿದ್ರಿ" ಅಂದ. ಮೈ ತೊಳದ್ವಿ ಸರ್ ಅಂದೆ.

ಎರಡನೇದ್ದು, ಡಿಎಲ್‌ಎನ್ ಟ್ಯೂನಿಂಗ್. ಒಂದು ಸಲ ಹೊಸಾ ಕಡಿಂದ ಗ್ಯಾಸು ಬಂತು, ಶಾಖದ ಗುಣ ಸ್ವಲ್ಪ ಬ್ಯಾರೆ. ಬೋರ್ಡಿನ್ಯಾಗ ನಾಕ್ಸ್ ಛಲೋನs ಇತ್ತು. ಆದ್ರ ಟರ್ಬೈನ್ ಹಾಲಿನ್ಯಾಗ ನಿಂತ್ರ ಅಂಗಾಲಿಗೆ ಒಂದು ಗುಂಯ್‌ಗುಡೂದು ತಾಗ್ತಿತ್ತು, ಡಗ್ಗಾದ ಮ್ಯಾಲ ಅಂಗೈ ಒತ್ತಿ ಎಳದಂಗ. ಉರಿ ಕುಣೀಲಿಕ್ಕೆ ಹತ್ತಿತ್ತು. ಶಿಫ್ಟ್‌ನ್ಯಾಗಿದ್ದ ಹುಡುಗ್ರಿಗೆ ಹೇಳಿದ್ರ "ಅಲಾರಾಂ ಬಂದಿಲ್ಲ ಸರ್" ಅಂದ್ರು. ಮುಂದಿನ ತಪಾಸಣಿಯೊಳಗ ಬೋರೋಸ್ಕೋಪ್ (ಒಳಗ ನೋಡೋ ಕೊಳವಿ ಕ್ಯಾಮೆರಾ) ಇಳಿಸಿದ್ರ, ಉರಿಯನ್ನ ಬ್ಲೇಡಿಗೆ ಒಯ್ಯೋ ತಗಡಿನ್ಯಾಗ ಬೆರಳುದ್ದ ಸೀಳು. ಪಿಪಿಎಂ ಇಳಿಸಾಕ ಉರಿ ತೆಳ್ಳಗ ಮಾಡ್ತಾ ಹೋದ್ರ ಅದಕ್ಕೂ ಒಂದು ಮಿತಿ ಅದ, ಮಷೀನು ಅಂಗಾಲಿನ್ಯಾಗ ಹೇಳ್ತದ.

ಮೂರನೇದ್ದು, ಗಲ್ಫಿನ್ಯಾಗ ಇನ್ನೂ ಬಾಯ್ಲರ್ ಇಲ್ಲದ ಟರ್ಬೈನ್ ಅದಾವ. ಅವಕ್ಕ ಹಿಂದ ಬಾಯ್ಲರ್, ಉಗಿ ಟರ್ಬೈನ್ ಕೂಡ್ಸಿದ್ರ ಅದs ಗ್ಯಾಸಿನ್ಯಾಗ ಅರ್ಧಪಟ್ಟು ಹೆಚ್ಚು ಕರೆಂಟು. ಹೈಡ್ರೋಜನ್ ಬ್ಯಾಡ, ಜಪಾನ್ ಬ್ಯಾಡ.

ಹಸಿರು ಹೈಡ್ರೋಜನ್ · 15:48
ಜಪಾನ್ ಬೇಡ ಅಂದ್ರೂ ಕಂಬೈನ್ಡ್ ಸೈಕಲ್‌ನಲ್ಲಿ 63.08% ದಕ್ಷತೆಯ ದಾಖಲೆ 2018ರಲ್ಲಿ ನಿಶಿ-ನಗೋಯಾದಲ್ಲೇ ಆಗಿದ್ದು ಕಾಕಾ 😄

ಕಂಪ್ರೆಸರ್ ಕಾಕಾ · 15:55
ಆತು ಬಿಡಪ್ಪಾ, ಜಪಾನ್ ಇರಲಿ.

ಪಣಂಬೂರು ಬೀಚ್ · 16:20
ಗ್ಯಾಸ್ ಟರ್ಬೈನ್ ಅಂದ ಕೂಡ್ಲೆ ನನಗೆ ನೆನಪಾಗುವುದು ತಣ್ಣೀರುಬಾವಿಯ ತೇಲುವ ಪವರ್ ಪ್ಲಾಂಟ್. 2001ರ ಸುಮಾರಿಗೆ ನಮ್ಮ ಗುರುಪುರ ಹೊಳೆಯಲ್ಲಿ ಬಾರ್ಜಿನ ಮೇಲೆ 220 ಮೆಗಾವ್ಯಾಟ್! ಶಾಲೆಯಿಂದ ನೋಡ್ಲಿಕ್ಕೆ ಹೋಗಿದ್ವಿ. ಅದೂ ಗ್ಯಾಸೇ ಅಲ್ವಾ?

ಕಡಲಕರೆ · 16:27
ಹೌದು ಮಾರಾಯ್ರೆ! ನಮ್ಮ ಮಾವ ಅಲ್ಲಿಗೆ ಊಟ ಸಪ್ಲೈ ಮಾಡ್ತಿದ್ರು.

ಕಂಪ್ರೆಸರ್ ಕಾಕಾ · 16:40
ಟರ್ಬೈನ್ ಹೌದು, ಗ್ಯಾಸ್ ಅಲ್ಲ. ಅದು ನಾಫ್ತಾ, ಅಂದ್ರ ಪೆಟ್ರೋಲಿನಂಥ ಎಣ್ಣಿ, ಸುಡ್ತಿತ್ತು. ನಾಫ್ತಾ ದುಬಾರಿ, ಕರೆಂಟೂ ದುಬಾರಿ. ಕಡೀಗೆ ಬಾರ್ಜ್ ಸಮೇತ ಕಾಕಿನಾಡಕ್ಕ ಒಯ್ದ್ರು, ಅಲ್ಲಿ ಕೃಷ್ಣಾ-ಗೋದಾವರಿ ಗ್ಯಾಸ್ ಸಿಗ್ತದಂತ. ಆಮ್ಯಾಲ ಅಲ್ಲಿ ಗ್ಯಾಸ್ ಕಡಿಮಿ ಆತು. ದೇಶದಾಗ ಸುಮಾರು 25,000 ಮೆಗಾವ್ಯಾಟ್ ಗ್ಯಾಸ್ ಸ್ಥಾವರ ಕಟ್ಟೀವಿ, ಗ್ಯಾಸ್ ಇಲ್ಲದ ಭಾಳಷ್ಟು ಕುಂತಾವ. ನಮ್ಮ ದೇಶದ್ದು ಹೊಗಿ ಕಡಿಮಿ ಮಾಡೋ ಪದ್ಧತಿ ಇದು, ಹಚ್ಚೂದs ಇಲ್ಲ.

ಬೆಂಕಿಪೊಟ್ಟಣ · 16:42
ಕಾಕಾ 🙏

ಸಾನ್‌ಹೋಸೆ ಸಂಪಿಗೆ · 17:30
ಸ್ಟಾರ್ಟ್ ಕಡಿಮೆ ಮಾಡೋದಕ್ಕೆ ಇಲ್ಲಿ ಮಾಡಿದ ಒಂದು ಪ್ರಯೋಗ ಹೇಳ್ತೀನಿ. 2017ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 50 ಮೆಗಾವ್ಯಾಟ್ ಟರ್ಬೈನಿನ ಪಕ್ಕ 10 ಮೆಗಾವ್ಯಾಟ್ ಬ್ಯಾಟರಿ ಇಟ್ಟರು. ಮೊದಲು "ಬೇಕಾದ್ರೆ ಇರಲಿ" ಅಂತ ಟರ್ಬೈನ್ ಕಡಿಮೆ ಲೋಡಿನಲ್ಲಿ ಉರೀತಾನೇ ಇರಬೇಕಿತ್ತು. ಈಗ ಆರಿಸಿ ಇಟ್ಟರೂ ಆಗುತ್ತೆ. ಕರೆ ಬಂದ ತಕ್ಷಣ ಬ್ಯಾಟರಿ ಹೊರುತ್ತೆ, ಅಷ್ಟರಲ್ಲಿ ಟರ್ಬೈನ್ ಎದ್ದು ಬರುತ್ತೆ. ನನಗೆ ಹೈಡ್ರೋಜನ್‌ಗಿಂತ ಇದು ಇಷ್ಟ.

ಕಡಲಕರೆ ಅವರೇ, ನಿಮ್ಮ ಫ್ರೆಂಡಿಗೆ ಒಂದೇ ಪ್ರಶ್ನೆ ಕೇಳಿ: ಆ 22 ಆಮ್ಲಜನಕ 15%ಗೆ ಸರಿಹೊಂದಿಸಿದ ಅಂಕಿಯೋ, ಬರೀ ಮೀಟರಿನ ಅಂಕಿಯೋ?

ಕಡಲಕರೆ · 17:36
ಅದೆಂತ ವ್ಯತ್ಯಾಸ?

ಸುಮಾ ಮೇಡಂ · 17:50
ಸಾರಿಗೆ ನೀರು ಬೆರೆಸಿದರೆ ಉಪ್ಪು ಕಡಿಮೆ ಅನ್ನಿಸುತ್ತದೆ, ಹಾಕಿದ ಉಪ್ಪು ಮಾತ್ರ ಅಷ್ಟೇ. ಹೊಗೆಗೆ ಗಾಳಿ ಬೆರೆತರೂ ಹಾಗೇ, ಪಿಪಿಎಂ ಇಳಿಯುತ್ತದೆ. ಅದಕ್ಕೇ ಎಲ್ಲರೂ ಆಮ್ಲಜನಕ 15% ಇದ್ದಿದ್ದರೆ ಎಷ್ಟು ಎಂಬ ಲೆಕ್ಕಕ್ಕೆ ತರಬೇಕು. ಮೀಟರಿನ ಅಂಕಿಯನ್ನು 5.9ರಿಂದ ಗುಣಿಸಿ, 20.9ರಿಂದ ಅಳೆದ ಆಮ್ಲಜನಕ ಕಳೆದು ಬಂದದ್ದರಿಂದ ಭಾಗಿಸಿ. ಸ್ಟಾರ್ಟಿನಲ್ಲಿ ಗಾಳಿ ತುಂಬಾ ಹೆಚ್ಚು ಇರುತ್ತದೆ, ಆಗಲೇ ಮೋಸ ಹೋಗುವುದು.

ಕಡಲಕರೆ · 21:18
ಈಗ ಸಿಕ್ಕಿದ ಅವ. ಚಾ ಕುಡಿಸಿ ಕೇಳಿದೆ. ಬೋರ್ಡಿನದ್ದು ಬರೀ ಮೀಟರಿನ ಅಂಕಿಯಂತೆ, ಸರಿಹೊಂದಿಸಿದ್ದು ತಿಂಗಳ ರಿಪೋರ್ಟಿನಲ್ಲಿ ಮಾತ್ರವಂತೆ. ಇವತ್ತು ಬೆಳಗ್ಗೆ 5:40ಕ್ಕೆ 22 ಇದ್ದಾಗ ಆಮ್ಲಜನಕ 18.2. ನಾನೇ ಮೊಬೈಲಿನಲ್ಲಿ ಲೆಕ್ಕ ಹಾಕಿದೆ, 48 ಬಂತು. ಸರಿಯಾ ಮೇಡಂ?

ಸುಮಾ ಮೇಡಂ · 21:25
ಸರಿ. ಪೂರ್ತಿ ಅಂಕ.

ಕಂಪ್ರೆಸರ್ ಕಾಕಾ · 21:33
ಸ್ಟಾರ್ಟಿನ್ಯಾಗ 48 ಅಂದ್ರ ಗಾಬರಿ ಆಗೋ ಅಂಕಿ ಅಲ್ಲ, ಮಿತಿ ಆ ಹೊತ್ತಿಗೆ ಬಹುಶಃ ಲಾಗೂನೂ ಆಗೂದಿಲ್ಲ. ಆದ್ರ 22 ಅಂತ ಹೇಳೂದು ತಪ್ಪು. ಆ ಹುಡುಗಗ ಇನ್ನೊಂದು ಕೇಳು: ನಾಲ್ಕರಾಗ ಯಾವ ಮಷೀನು ಹಳದಿ ಬಿಡ್ತದ? ಯಾವಾಗ್ಲೂ ಅದs ಒಂದೇನು?

ಕಡಲಕರೆ · 21:37
ಹೌದು ಕಾಕಾ, ಯಾವಾಗಲೂ ಎಡದಿಂದ ಎರಡನೇದ್ದು. ಉಳಿದ ಮೂರು ಸ್ಟಾರ್ಟ್ ಆದರೂ ಇಷ್ಟು ಬಣ್ಣ ಇಲ್ಲ.

ಕಂಪ್ರೆಸರ್ ಕಾಕಾ · 21:41
ಹಂಗಾದ್ರ ಅದರ ಬರ್ನರ್ ನಾಝಲ್ ಯಾವಾಗ ಬಿಚ್ಚಿ ನೋಡಿದ್ರು ಅಂತ ಕೇಳು. ನಾಳೆ ಚಾ ಮ್ಯಾಲ ಎರಡು ಸಮೋಸಾನೂ ಕೊಡ್ಸು.